ಪಂಜರದ ಮೇಲಿಂದ ಬಿದ್ದದ್ದು ನಿಜವೋ, ನಾಟಕವೋ?

ಪ್ರಶ್ನೆ: ನನಗೀಗ 38 ವರ್ಷ. ನಾವು ನಾಲ್ಕು ಜನ ಬಾಲ್ಯದ ಗೆಳೆಯರು ಸೇರಿ, 1998ರಲ್ಲಿ ಟಿವಿಯಲ್ಲಿ ಬರುತ್ತಿದ್ದ ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಯ ನೆಚ್ಚಿನ ನೆನಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇವೆ. ನನ್ನ ಪಟ್ಟಿಯ ಮೊದಲ ಸಾಲು, ಅಂಡರ್‌ಟೇಕರ್ ಅನ್ನುವ ಕುಸ್ತಿಪಟು ಎದುರಾಳಿ ಮ್ಯಾನ್‌ಕೈಂಡ್‌ನನ್ನು ರಿಂಗ್ ಸುತ್ತ ಮುಚ್ಚಿದ್ದ ಜಾಲರಿ ಪಂಜರದ ಮೇಲಿಂದ ಕೆಳಗಿನ ಟೇಬಲ್ ಮೇಲಕ್ಕೆ ಎಸೆದದ್ದು. ಅದನ್ನು ನೋಡಿ ನಾನು ಅತ್ತಿದ್ದೆ. ಅಣ್ಣ ಈಗಲೂ ಆಡಿಕೊಳ್ಳುತ್ತಾನೆ. ‘ಅದೆಲ್ಲ ಸುಳ್ಳು ಕಣೋ, ಟೇಬಲ್ಲು ಥರ್ಮಾಕೋಲ್‌ದು, ಬಿದ್ದವನು ಅದೇ ರಾತ್ರಿ ಎದ್ದು ಮತ್ತೆ ಬಂದಿದ್ದ’ ಅಂತಾನೆ. ಮ್ಯಾನ್‌ಕೈಂಡ್ ಮೊದಲ ಸಲ ಚಾಂಪಿಯನ್ ಆದದ್ದು 1998ರಲ್ಲಿ ಅಂತ ನಾನು ಬರೆದರೆ, ಗೆಳೆಯ ಅದು 1999 ಅಂತ ಹೊಡೆದು ಹಾಕಿದ. ಇನ್ನೊಬ್ಬ ಕುಸ್ತಿಪಟು ಆಸ್ಟಿನ್ ಬಿಯರ್ ಲಾರಿ ತಂದದ್ದರ ಬಗ್ಗೆಯೂ ಅದೇ ಜಗಳ. ಇದೆಲ್ಲಕ್ಕಿಂತ ದೊಡ್ಡ ತಳಮಳ ಬೇರೆಯೇ ಇದೆ. ಈಚೆಗೆ ಆ ಪಂದ್ಯವನ್ನು ಮತ್ತೆ ನೋಡಿದೆ. ಖುಷಿ ಆಗಲಿಲ್ಲ. ಹೊಟ್ಟೆ ತೊಳಸಿದ ಹಾಗಾಯ್ತು. ಇನ್ನೊಬ್ಬರ ನೋವನ್ನು ನೆಚ್ಚಿನ ನೆನಪು ಅಂತ ಬರೆದುಕೊಳ್ಳುವುದು ತಪ್ಪಾ? 9 ವರ್ಷದ ಮಗ ‘ಅಪ್ಪಾ, ನನಗೂ ತೋರಿಸು’ ಅಂತ ಬೆನ್ನು ಬಿದ್ದಿದ್ದಾನೆ. ತೋರಿಸಲಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಆದರೆ ಓದುತ್ತಾ ಹೋದಂತೆ ನನಗೆ ಕಂಡದ್ದು ಒಂದೇ ಅಳುಕು. ಹನ್ನೊಂದನೇ ವಯಸ್ಸಿನಲ್ಲಿ ನಾನು ಅತ್ತೆನಲ್ಲ, ಅದು ಮೋಸ ಹೋಗಿ ಅತ್ತದ್ದಾ? ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಅಲ್ಲ. ನೀವು ನೋಡಿದ್ದು ಒಬ್ಬ ಮನುಷ್ಯ ನಿಜವಾಗಿಯೂ ಎತ್ತರದಿಂದ ಬಿದ್ದದ್ದನ್ನು. ಪಂದ್ಯವನ್ನು ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು. ನೆಲ ಎಷ್ಟು ಗಟ್ಟಿ ಇರಬೇಕು ಅಂತ ಯಾರೂ ತೀರ್ಮಾನ ಮಾಡಲು ಆಗುವುದಿಲ್ಲ, ಅಲ್ವಾ?

ನಾನು ಕ್ರೀಡಾ ಫಿಸಿಯೋಥೆರಪಿಸ್ಟ್. ಜೂಡೋ ಆಡುವವರು, ಜಿಮ್ನಾಸ್ಟ್‌ಗಳು, ಸಾಹಸ ದೃಶ್ಯ ಮಾಡುವವರು, ಹೀಗೆ ದಿನಾ ಬೀಳುವವರ ಕುತ್ತಿಗೆ, ಭುಜ, ಸೊಂಟ ನೋಡುವುದು ನನ್ನ ಕೆಲಸ. ಆ ವರ್ಷದ ಕುಸ್ತಿಯನ್ನು ನಾನೂ ಕಣ್ಣು ಮಿಟುಕಿಸದೆ ನೋಡಿದವರಲ್ಲಿ ಒಬ್ಬ. ಆ ಪ್ರೀತಿ ಈಗಲೂ ಹೋಗಿಲ್ಲ.

ಅಣ್ಣನ ಮಾತಿನಲ್ಲಿ ಒಂದು ಪಾಲು ಸತ್ಯ ಇದೆ. ಈ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಇದು ಯಾರೋ ಕದ್ದು ಹೊರಗೆ ತಂದ ಗುಟ್ಟೂ ಅಲ್ಲ. 1989ರಲ್ಲೇ ಡಬ್ಲ್ಯೂಡಬ್ಲ್ಯೂಎಫ್ ಕಂಪನಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ ಅಂತ ಹೇಳಿಕೊಂಡಿತ್ತು. ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ ಇವುಗಳಿಂದ ಹೊರಗೆ ಉಳಿಯುವುದು ಅವರ ಉದ್ದೇಶ. ಅಂದರೆ ನೀವು ಅತ್ತದ್ದಕ್ಕೆ ಒಂಬತ್ತು ವರ್ಷ ಮೊದಲೇ ಅದು ದಾಖಲೆಯಲ್ಲಿತ್ತು. ‘ಎಲ್ಲಾ ಸುಳ್ಳು’ ಅನ್ನುವುದು ಮಾತ್ರ ಸರಿಯಲ್ಲ. ನಾಟಕದ ರಾಜ ನಿಜವಾದ ರಾಜ ಅಲ್ಲ, ಒಪ್ಪೋಣ. ಅವನು ವೇದಿಕೆಯ ಮೇಲೆ ಕಾಲು ಜಾರಿ ಬಿದ್ದರೆ ಮುರಿಯುವುದು ನಿಜವಾದ ಮೂಳೆಯೇ.

ಆ ಪಂದ್ಯಕ್ಕೆ ಬರೋಣ. 1998ರ ಜೂನ್ 28. ಪಿಟ್ಸ್‌ಬರ್ಗ್‌ನ ಸಿವಿಕ್ ಅರೆನಾ. ಕಿಂಗ್ ಆಫ್ ದ ರಿಂಗ್ ಕಾರ್ಯಕ್ರಮ. ಮ್ಯಾನ್‌ಕೈಂಡ್ ಮುಖವಾಡದ ಹಿಂದಿದ್ದವನು ಮಿಕ್ ಫೋಲಿ. ಆಗಷ್ಟೇ 33 ತುಂಬಿತ್ತು. ತೂಕ ಸುಮಾರು 130 ಕಿಲೋ. ಪಂಜರದ ಎತ್ತರ 16 ಅಡಿ ಅಂತ ಹೇಳುತ್ತಾರೆ, ಹತ್ತಿರ ಹತ್ತಿರ ಐದು ಮೀಟರ್. ಅಷ್ಟು ಎತ್ತರದಿಂದ ಟೇಬಲ್ ಮಟ್ಟಕ್ಕೆ ಬೀಳಲು ಒಂದು ಸೆಕೆಂಡೂ ಬೇಕಿಲ್ಲ. ತಲುಪುವಾಗ ವೇಗ ಗಂಟೆಗೆ 32 ಕಿಲೋಮೀಟರ್ ಆಸುಪಾಸು ಇರುತ್ತದೆ. ಇದು ಶಾಲೆಯ ಲೆಕ್ಕ, ನೀವೇ ಹಾಕಿ ನೋಡಬಹುದು. ಅಷ್ಟು ವೇಗದಲ್ಲಿ ಹೋಗುತ್ತಿರುವ ಬೈಕ್ ಗೋಡೆಗೆ ಹೊಡೆದರೆ ಏನಾಗುತ್ತದೆ ಅಂತ ಅಣ್ಣನನ್ನು ಕೇಳಿ.

ಇನ್ನು ಟೇಬಲ್. ಸ್ಪ್ಯಾನಿಷ್ ಕಾಮೆಂಟರಿ ಹೇಳುವವರು ಕೂರುತ್ತಿದ್ದ ಟೇಬಲ್ ಅದು. ಥರ್ಮಾಕೋಲ್ ಅಲ್ಲ. ಮೇಲೆ ಭಾರ ಬಿದ್ದರೆ ಮುರಿದು ಕುಸಿಯುತ್ತದೆ, ಅಷ್ಟೇ. ಜನ ‘ಮುರಿಯಿತು ನೋಡು, ಹಾಗಾದ್ರೆ ಮೋಸ’ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅವನನ್ನು ಉಳಿಸಿದ್ದೇ ಆ ಮುರಿತ. ಬೀಳುವ ದೇಹಕ್ಕೆ ಪೆಟ್ಟು ಎಷ್ಟಾಗುತ್ತದೆ ಅನ್ನುವುದು ವೇಗದ ಮೇಲೆ ಮಾತ್ರ ನಿಂತಿಲ್ಲ. ಎಷ್ಟು ದೂರದಲ್ಲಿ ಆ ವೇಗ ನಿಲ್ಲುತ್ತದೆ ಅನ್ನುವುದೂ ಮುಖ್ಯ. ಕಾಂಕ್ರೀಟಿನ ಮೇಲೆ ಬಿದ್ದರೆ ನಾಲ್ಕೈದು ಸೆಂಟಿಮೀಟರ್‌ನಲ್ಲಿ ಎಲ್ಲಾ ಮುಗಿಯುತ್ತದೆ. ಟೇಬಲ್ ಕುಸಿಯುತ್ತಾ ಹೋದರೆ ನಿಲ್ಲಲು ಅದರ ಹತ್ತು ಪಟ್ಟು ದೂರ ಸಿಗಬಹುದು. ದೂರ ಹತ್ತು ಪಟ್ಟಾದರೆ ಪೆಟ್ಟು ಹತ್ತರಲ್ಲೊಂದಾಗುತ್ತದೆ. ಕಾರಿನ ಮುಂಭಾಗ ನಜ್ಜುಗುಜ್ಜಾಗಿ ಒಳಗಿರುವವರನ್ನು ಉಳಿಸುವುದೂ ಇದೇ ಲೆಕ್ಕದಿಂದ.

ಬೀಳುವುದಕ್ಕೂ ವಿದ್ಯೆ ಇದೆ. ಕುಸ್ತಿಯವರು ಅದನ್ನು ‘ಬಂಪ್’ ಅನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ತಲೆಯ ಹಿಂಭಾಗ ಬಡಿಯಬಾರದು. ಬೆನ್ನಿನ ಅಗಲಕ್ಕೆ ಸರಿಯಾಗಿ ಬೀಳಬೇಕು. ಎರಡೂ ಕೈ ಚಪ್ಪಟೆಯಾಗಿ ನೆಲಕ್ಕೆ ಹೊಡೆಯಬೇಕು. ಉಸಿರು ಹೊರಗೆ ಬಿಡಬೇಕು. ಹೀಗೆ ಮಾಡಿದಾಗ ಪೆಟ್ಟು ಒಂದೇ ಜಾಗಕ್ಕೆ ಬೀಳದೆ ಹರಡಿಕೊಳ್ಳುತ್ತದೆ. ಜೂಡೋ ಕಲಿಯುವ ಮಕ್ಕಳಿಗೆ ಮೊದಲ ದಿನಗಳಲ್ಲಿ ಹೇಳಿಕೊಡುವುದೂ ಇದನ್ನೇ. ಎಷ್ಟೇ ಚೆನ್ನಾಗಿ ಬಿದ್ದರೂ ಪೆಟ್ಟು ಮಾಯವಾಗುವುದಿಲ್ಲ, ಹಂಚಿಹೋಗುತ್ತದೆ. ರಿಂಗ್ ಅಂದರೆ ಹಾಸಿಗೆ ಅಂದುಕೊಂಡವರೂ ಇದ್ದಾರೆ. ಕ್ಯಾನ್ವಾಸ್ ಬಟ್ಟೆ ಎತ್ತಿ ನೋಡಿದರೆ ತೆಳ್ಳನೆಯ ಫೋಮ್, ಅದರ ಕೆಳಗೆ ಮರದ ಹಲಗೆ, ಅದರ ಕೆಳಗೆ ಉಕ್ಕಿನ ಚೌಕಟ್ಟು.

ಈಗ ಆ ಪಂದ್ಯದಲ್ಲಿ ನನ್ನನ್ನು ಈಗಲೂ ನಡುಗಿಸುವ ಭಾಗ. ನೀವು ಬರೆದದ್ದು ಮೊದಲ ಬೀಳುವಿಕೆ. ಎಲ್ಲರ ನೆನಪಿನಲ್ಲಿ ಇರುವುದೂ ಅದೇ. ಅದು ಮೊದಲೇ ಮಾತಾಡಿಕೊಂಡು ಮಾಡಿದ್ದು. ಪಂಜರದ ಮೇಲಿಂದಲೇ ಪಂದ್ಯ ಶುರು ಮಾಡುವ ಯೋಚನೆ ಹುಟ್ಟಿದ್ದು ಫೋಲಿ ತನ್ನ ಗುರುಸಮಾನನಾದ ಹಿರಿಯ ಕುಸ್ತಿಪಟು ಟೆರಿ ಫಂಕ್ ಜೊತೆ ಮಾತಾಡುವಾಗ. ಬೀಳುತ್ತೇನೆ ಅಂತ ಫೋಲಿಗೆ ಗೊತ್ತಿತ್ತು. ದೇಹ ತಯಾರಾಗಿತ್ತು. ಆದರೂ ಭುಜದ ಕೀಲು ಜಾರಿತು. ಸ್ಟ್ರೆಚರ್ ಬಂತು, ಹೊತ್ತುಕೊಂಡು ಹೊರಟರು. ಅವನು ಸ್ಟ್ರೆಚರ್‌ನಿಂದ ಎದ್ದು, ಜಾರಿದ ಭುಜ ಇಟ್ಟುಕೊಂಡೇ ಮತ್ತೆ ಪಂಜರ ಹತ್ತಿದ.

ಮೇಲೆ ಅಂಡರ್‌ಟೇಕರ್ ಅವನ ಕುತ್ತಿಗೆ ಹಿಡಿದು ಎತ್ತಿ ಪಂಜರದ ಚಾವಣಿಯ ಜಾಲರಿಗೆ ಅಪ್ಪಳಿಸಿದ. ಜಾಲರಿಯ ಆ ತುಂಡು ಪೂರ್ತಿ ಕಿತ್ತುಕೊಂಡು ಹೋಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಫೋಲಿ ನೇರ ರಿಂಗಿಗೆ ಬಿದ್ದ. ಮೇಲಿದ್ದ ಉಕ್ಕಿನ ಕುರ್ಚಿಯೂ ಹಿಂದೆಯೇ ಬಂದು ಮುಖಕ್ಕೆ ಬಡಿಯಿತು. ರಿಂಗ್ ನೆಲದಿಂದ ಮೇಲಿರುವುದರಿಂದ ಬಿದ್ದ ದೂರ ಮೊದಲ ಸಲಕ್ಕಿಂತ ಕಡಿಮೆಯೇ. ಆದರೆ ದೇಹಕ್ಕೆ ಸುಳಿವು ಇರಲಿಲ್ಲ. ಮುರಿದು ಪೆಟ್ಟು ನುಂಗುವ ಟೇಬಲ್ಲೂ ಇರಲಿಲ್ಲ. ಅವನು ಪ್ರಜ್ಞೆ ತಪ್ಪಿದ. ಹೀಗೆ ಕುತ್ತಿಗೆ ಹಿಡಿದು ಎತ್ತಿ ಅಪ್ಪಳಿಸುವ ಪಟ್ಟಿಗೆ ಚೋಕ್‌ಸ್ಲ್ಯಾಮ್ ಅಂತ ಹೆಸರು. ಅದಕ್ಕೆ ಸಿಕ್ಕವನು ತಾನೂ ಸ್ವಲ್ಪ ಹಾರಿ ಸಹಕರಿಸಬೇಕು. ಫೋಲಿಗೆ ಅಷ್ಟು ಹೊತ್ತಿಗೆ ಹಾರುವ ಶಕ್ತಿಯೇ ಉಳಿದಿರಲಿಲ್ಲ. ಹೆಚ್ಚು ಎತ್ತರಕ್ಕೆ ಹೋಗದೇ ಇದ್ದದ್ದರಿಂದ ಬದುಕಿದೆ ಅಂತ ಅವನೇ ಆಮೇಲೆ ಹೇಳಿದ್ದಾನೆ. ಅವನು ಸತ್ತೇ ಹೋದ ಅಂತ ತನಗೆ ಅನ್ನಿಸಿತ್ತು ಅಂತ ಅಂಡರ್‌ಟೇಕರ್ ಕೂಡ ಹೇಳಿಕೊಂಡಿದ್ದಾನೆ.

ನನ್ನ ಅನುಭವ ಏನು ಹೇಳುತ್ತದೆ ಗೊತ್ತಾ? ನನ್ನ ಹತ್ತಿರ ಬರುವ ದೊಡ್ಡ ಗಾಯಗಳು ಯೋಚಿಸಿ ಮಾಡಿದ ಸಾಹಸದಿಂದ ಆದವಲ್ಲ. ಹಗ್ಗ ಸಡಿಲ ಇತ್ತು, ಚಾಪೆ ಒಂದು ಗೇಣು ಸರಿದಿತ್ತು, ಕೊಂಡಿ ಹಳೆಯದಾಗಿತ್ತು. ದೇಹ ಒಂದನ್ನು ಎಣಿಸಿರುತ್ತದೆ, ಆಗುವುದು ಇನ್ನೊಂದು. ಆ ರಾತ್ರಿಯ ಜಾಲರಿಯೂ ಹಾಗೇ.

‘ಅದೇ ರಾತ್ರಿ ಮತ್ತೆ ಬಂದ’ ಅನ್ನುವ ವಾದ ಕೇಳಿದಾಗ ನನಗೆ ಸ್ವಲ್ಪ ಸಂಕಟವೇ ಆಗುತ್ತದೆ. ಬಂದದ್ದು ನಿಜ. ಕೊನೆಯ ಪಂದ್ಯ ಆಸ್ಟಿನ್ ಮತ್ತು ಕೇನ್ ನಡುವೆ ಇತ್ತು, ಮೊದಲು ರಕ್ತ ಬಂದವನು ಸೋತ ಹಾಗೆ. ಅದರ ನಡುವೆ ಮ್ಯಾನ್‌ಕೈಂಡ್ ನುಗ್ಗಿದ್ದ. ಅಣ್ಣ ಅದನ್ನು ‘ಏನೂ ಆಗಿರಲಿಲ್ಲ’ ಅನ್ನುವುದಕ್ಕೆ ಸಾಕ್ಷಿ ಮಾಡುತ್ತಾನೆ. ತಲೆಗೆ ಪೆಟ್ಟಾದವನು ನಡೆದಾಡಬಲ್ಲ. ಮಾತಾಡಬಲ್ಲ, ನಗಬಲ್ಲ. ಮೈದಾನದ ಅಂಚಿನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ‘ನನಗೇನೂ ಆಗಿಲ್ಲ ಬಿಡಿ’ ಅನ್ನುವುದು. ಅದೇ ಆಟಗಾರನಿಗೆ ಹತ್ತು ನಿಮಿಷದ ಹಿಂದಿನ ಸ್ಕೋರ್ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾನೆ. ಆ ಹೊತ್ತಿನ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ. ಹಾಗೆ ಎದ್ದು ಬಂದದ್ದು ಗಾಯ ಆಗಿರಲಿಲ್ಲ ಅನ್ನುವುದಕ್ಕೆ ಪುರಾವೆ ಅಲ್ಲ. ಮತ್ತೆ ಬರಲು ಬಿಟ್ಟದ್ದು ಆ ಕಾಲದ ತಪ್ಪು ಅಂತಲೇ ನಾನು ಹೇಳುತ್ತೇನೆ.

ನೀವು ಆ ಪಂದ್ಯ ಮತ್ತೆ ನೋಡುವುದಾದರೆ ಎರಡು ಕಡೆ ನಿಲ್ಲಿಸಿ ನೋಡಿ. ಒಂದು, ಕ್ಯಾಮೆರಾ ಫೋಲಿಯ ಮುಖದ ಹತ್ತಿರ ಹೋಗುವಾಗ. ಮೂಗಿನ ಹೊಳ್ಳೆಯಲ್ಲಿ ಬೆಳ್ಳಗೆ ಏನೋ ಕಾಣುತ್ತದೆ. ಅದು ಅವನದೇ ಹಲ್ಲು. ಅವನು ನಗುತ್ತಿದ್ದಾನೆ ಅಂತ ನಾವೆಲ್ಲ ಅಂದುಕೊಂಡೆವು. ತುಟಿಯ ಕೆಳಗೆ ತೂತಾಗಿತ್ತು, ಅದರಿಂದ ನಾಲಿಗೆ ಹೊರಗೆ ತೂರಿಸಲು ನೋಡುತ್ತಿದ್ದನಂತೆ. ಇನ್ನೊಂದು, ಟೆರಿ ಫಂಕ್. ಫೋಲಿ ಏಳುತ್ತಿಲ್ಲ ಅಂತ ಗೊತ್ತಾದಾಗ ಫಂಕ್ ರಿಂಗಿನೊಳಕ್ಕೆ ಬಂದಿದ್ದ. ಸ್ನೇಹಿತನಿಗೆ ಎಚ್ಚರವಾಗಲು ಒಂದಿಷ್ಟು ಸಮಯ ಬೇಕು. ಅದಕ್ಕಾಗಿ ಅಂಡರ್‌ಟೇಕರ್ ಕೈಗೆ ತಾನೇ ಸಿಕ್ಕಿ, ತಾನೇ ಚೋಕ್‌ಸ್ಲ್ಯಾಮ್ ತಿಂದ. ಅಪ್ಪಳಿಸಿದ ರಭಸಕ್ಕೆ ಅವನ ಕಾಲಿನ ಶೂ ಎರಡೂ ಕಳಚಿ ಹೋದವು. ಆಗ ಫಂಕ್‌ಗೆ 50 ದಾಟಿತ್ತು ಅನ್ನುವುದು ಮರೆಯಬೇಡಿ.

ಅಂಡರ್‌ಟೇಕರ್ ಕೂಡ ಆ ರಾತ್ರಿ ಗಾಯಗೊಂಡ ಕಾಲಲ್ಲೇ ಪಂಜರ ಹತ್ತಿ, ಬಗ್ಗುವ ಜಾಲರಿಯ ಮೇಲೆ ನಡೆದಿದ್ದ. ಹೆಜ್ಜೆ ಇಡುವಾಗ ಜಾಲರಿ ತೂಗುವುದು ಕಾಣುತ್ತದೆ. ಕುಸ್ತಿಯ ಕಥೆಯಲ್ಲಿ ಇವರು ಶತ್ರುಗಳು. ಕೆಲಸದಲ್ಲಿ ಒಬ್ಬನ ಕುತ್ತಿಗೆ ಇನ್ನೊಬ್ಬನ ಕೈಯಲ್ಲಿ ಇರುತ್ತದೆ.

ಆ ಕೈ ಒಂದು ಇಂಚು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕಾದ ಆಸ್ಟಿನ್‌ನನ್ನೇ ನೋಡಿ. 1997ರ ಆಗಸ್ಟ್‌ನಲ್ಲಿ, ಸಮ್ಮರ್‌ಸ್ಲ್ಯಾಮ್ ಪಂದ್ಯದಲ್ಲಿ ಓವೆನ್ ಹಾರ್ಟ್ ಅವನಿಗೆ ಪೈಲ್‌ಡ್ರೈವರ್ ಹಾಕಿದ. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕೂತು ಬೀಳುವ ಪಟ್ಟು ಅದು. ಸರಿಯಾಗಿ ಹಾಕಿದರೆ ತಲೆ ನೆಲಕ್ಕೆ ತಾಗುವುದಿಲ್ಲ, ಹಿಡಿದವನ ತೊಡೆಗಳ ನಡುವೆ ಸ್ವಲ್ಪ ಮೇಲೇ ಉಳಿಯುತ್ತದೆ. ಅವತ್ತು ತಲೆ ಕೆಳಗೆ ಜಾರಿತ್ತು. ಆಸ್ಟಿನ್‌ಗೆ ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ. ಹೇಗೋ ತೆವಳಿ ಬಂದು ಓವೆನ್‌ನನ್ನು ಕೆಳಕ್ಕೆ ಉರುಳಿಸಿದ ಹಾಗೆ ಮಾಡಿ ಪಂದ್ಯ ಮುಗಿಸಿದ. ಅಷ್ಟು ಸಡಿಲವಾದ ಹಿಡಿತದಿಂದ ಪಂದ್ಯ ಮುಗಿದದ್ದನ್ನು ನೋಡಿ ಆಗ ಎಷ್ಟೋ ಜನರಿಗೆ ಸಪ್ಪೆ ಅನ್ನಿಸಿತ್ತು.

ನೀವು ಪ್ರೀತಿಸಿದ 1998ರ ಆಸ್ಟಿನ್ ಆ ಕುತ್ತಿಗೆಯ ಜೊತೆಯಲ್ಲೇ ಆಡಿದವನು. ಅದಕ್ಕೆ ಮುಂಚಿನ ಅವನ ಪಂದ್ಯ ನೋಡಿ. ನೆಲದ ಮೇಲಿನ ಪಟ್ಟುಗಳು, ಒಳ್ಳೆಯ ತಾಂತ್ರಿಕ ಕುಸ್ತಿ. ಆಮೇಲೆ ಗುದ್ದಾಟ, ಪ್ರೇಕ್ಷಕರ ನಡುವೆ ಓಡಾಟ, ರಿಂಗಿನ ಹೊರಗಿನ ಜಗಳ ಜಾಸ್ತಿಯಾಯಿತು. ಅವನ ಹುಚ್ಚು ಹುಮ್ಮಸ್ಸು ಅಂತ ನಾವು ಅಂದುಕೊಂಡದ್ದರಲ್ಲಿ ಒಂದು ಪಾಲು ಕುತ್ತಿಗೆ ಉಳಿಸಿಕೊಳ್ಳುವ ದಾರಿ. 2000ದ ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. 2003ರ ಮಾರ್ಚ್‌ನ ರೆಸಲ್‌ಮೇನಿಯಾ ಆದಮೇಲೆ ಅವನು ನಿವೃತ್ತನಾದ.

1998ರ ಮಾರ್ಚ್ 29ರಂದು ಬಾಸ್ಟನ್‌ನಲ್ಲಿ ಆಸ್ಟಿನ್ ಮೊದಲ ಸಲ ಚಾಂಪಿಯನ್ ಆದನಲ್ಲ, ಮೈಕ್ ಟೈಸನ್ ರಿಂಗಿನ ಹೊರಗೆ ನಿಂತಿದ್ದನಲ್ಲ, ಅದರಲ್ಲಿ ಸೋತ ಶಾನ್ ಮೈಕೇಲ್ಸ್‌ನ ಸೊಂಟ ನೋಡಿ. ಜನವರಿಯ ರಾಯಲ್ ರಂಬಲ್‌ನಲ್ಲಿ ಪಂದ್ಯಕ್ಕೆಂದೇ ಇಟ್ಟಿದ್ದ ಶವಪೆಟ್ಟಿಗೆಯ ಅಂಚಿಗೆ ಬೆನ್ನು ಬಡಿದು ಡಿಸ್ಕ್ ಜಾರಿತ್ತು. ಬಾಸ್ಟನ್‌ನಲ್ಲಿ ಅವನು ಏಳುವ ರೀತಿ, ಹಗ್ಗ ಹಿಡಿದು ಒಂದು ಕ್ಷಣ ನಿಲ್ಲುವ ರೀತಿ ನನಗೆ ನಟನೆ ಅನ್ನಿಸುವುದಿಲ್ಲ. ಕ್ಲಿನಿಕ್‌ಗೆ ಸೊಂಟ ಹಿಡಿದುಕೊಂಡು ಬರುವವರು ಹಾಗೇ ಏಳುತ್ತಾರೆ. ಆಮೇಲೆ ಅವನು ಅದೇ ಕಂಪನಿಯ ರಿಂಗಿಗೆ ಮತ್ತೆ ಪಂದ್ಯ ಆಡಲು ಬಂದದ್ದು 2002ರ ಆಗಸ್ಟ್‌ನಲ್ಲಿ. ನಾಲ್ಕು ವರ್ಷ ದಾಟಿತ್ತು.

ಈಗ ತಾರೀಕಿನ ಜಗಳ. ಇದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಮ್ಯಾನ್‌ಕೈಂಡ್‌ನ ಸಾಲು. ನೀವೂ ಸರಿ, ನಿಮ್ಮ ಗೆಳೆಯನೂ ಸರಿ. ರಾಕ್‌ನನ್ನು ಸೋಲಿಸಿ ಫೋಲಿ ಚಾಂಪಿಯನ್ ಆದ ಪಂದ್ಯ ನಡೆದದ್ದು 1998ರ ಡಿಸೆಂಬರ್ 29ರಂದು, ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ. ಆಗ ಕಾರ್ಯಕ್ರಮವನ್ನು ಮುಂಚೆಯೇ ಚಿತ್ರೀಕರಿಸಿ ಇಟ್ಟುಕೊಳ್ಳುವ ರೂಢಿ ಇತ್ತು. ಟಿವಿಯಲ್ಲಿ ಬಂದದ್ದು 1999ರ ಜನವರಿ 4ರಂದು. ಆ ರಾತ್ರಿ ಎದುರಾಳಿ ಕಂಪನಿಯಾದ ಡಬ್ಲ್ಯೂಸಿಡಬ್ಲ್ಯೂ ತನ್ನ ಕಾರ್ಯಕ್ರಮದಲ್ಲಿ ನಿರೂಪಕನ ಬಾಯಿಂದ ಈ ಫಲಿತಾಂಶವನ್ನು ಮೊದಲೇ ಹೇಳಿಸಿಬಿಟ್ಟಿತು. ಗೊತ್ತಾದರೆ ಯಾರೂ ನೋಡುವುದಿಲ್ಲ ಅಂತ ಅವರ ಎಣಿಕೆ. ಆದದ್ದು ಉಲ್ಟಾ. ಫೋಲಿ ಗೆಲ್ಲುತ್ತಾನಂತೆ ಅಂತ ಕೇಳಿದ್ದೇ ಲಕ್ಷಾಂತರ ಜನ ಚಾನೆಲ್ ಬದಲಿಸಿದರು. ಫಲಿತಾಂಶ ಗೊತ್ತಿದ್ದೂ ನೋಡಲು ಓಡಿದರು! ‘ಮೊದಲೇ ಬರೆದಿಟ್ಟದ್ದನ್ನು ಏನು ನೋಡ್ತೀಯಾ’ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಬಿಯರ್ ಲಾರಿಯ ವಿಷಯದಲ್ಲಿ ಗೆಳೆಯ ಗೆದ್ದ. ಅದು 1999ರ ಮಾರ್ಚ್ 22. 1998ರ ಸೆಪ್ಟೆಂಬರ್ 28ರಂದು ಡೆಟ್ರಾಯ್ಟ್‌ನಲ್ಲಿ ಆಸ್ಟಿನ್ ಓಡಿಸಿಕೊಂಡು ಬಂದದ್ದು ಐಸ್ ಹಾಕಿ ಅಂಗಳವನ್ನು ನಯ ಮಾಡುವ ಝಂಬೋನಿ ಗಾಡಿ. ಅಕ್ಟೋಬರ್ 12ರಂದು ಕಂಪನಿಯ ಮಾಲೀಕ ವಿನ್ಸ್ ಮ್ಯಾಕ್‌ಮಹನ್‌ನ ಕಾರಿನೊಳಗೆ ಕಾಂಕ್ರೀಟ್ ಸುರಿದ. ಮೂರೂ ಒಂದೇ ಜಾತಿಯ ದೃಶ್ಯ. ಮಾಲೀಕನ ಮೇಲೆ ಸಿಟ್ಟಾದ ಕೆಲಸಗಾರ, ಒಂದು ದೊಡ್ಡ ಗಾಡಿ. ತಲೆ ಅವನ್ನು ಒಂದೇ ಡಬ್ಬಿಗೆ ಹಾಕಿ ಒಂದೇ ಚೀಟಿ ಅಂಟಿಸುತ್ತದೆ.

ಇದರಿಂದ ನಿಮ್ಮ ನೆನಪೇ ಸರಿಯಿಲ್ಲ ಅಂತ ಬೇಜಾರು ಬೇಡ. ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ಮತ್ತು ಜೊತೆಗಾರರು 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾದ ಮರುದಿನವೇ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಹೇಗೆ ಕೇಳಿದಿರಿ ಅಂತ ಬರೆಸಿಕೊಂಡಿದ್ದರು. ಎರಡೂವರೆ ವರ್ಷ ಆದಮೇಲೆ ಅದೇ ಪ್ರಶ್ನೆ ಕೇಳಿದರು. ಬಹಳ ಜನರ ಉತ್ತರ ಬದಲಾಗಿತ್ತು. ಧೈರ್ಯ ಮಾತ್ರ ಕಡಿಮೆ ಆಗಿರಲಿಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಇರುವ ನೆನಪು ಕೂಡ ತಾರೀಕು, ಜಾಗ, ಕ್ರಮದಲ್ಲಿ ತಪ್ಪಬಹುದು. ನಿಮಗೆ ಏನನ್ನಿಸಿತು ಅನ್ನುವುದು ನಿಮ್ಮದೇ. ಅದನ್ನು ಯಾರೂ ತಿದ್ದಲಾರರು. ತಾರೀಕನ್ನು ಮಾತ್ರ ನೋಡಿ ತಿದ್ದಿಕೊಳ್ಳಿ.

ಡಬ್ಲ್ಯೂಸಿಡಬ್ಲ್ಯೂ ಕುಸ್ತಿಪಟು ಗೋಲ್ಡ್‌ಬರ್ಗ್‌ನ ಅಭಿಮಾನಿ ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ ಅಂತ ಇದೊಂದು ಮಾತು. 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಅವನು ಹೋಗನ್‌ನನ್ನು ಸೋಲಿಸಿದ್ದು ಆ ವರ್ಷದ ದೊಡ್ಡ ನೆನಪುಗಳಲ್ಲಿ ಒಂದು, ಬರೆದುಕೊಳ್ಳಲಿ. ಸತತ 173 ಗೆಲುವು ಅನ್ನುವ ಅಂಕಿ ಮಾತ್ರ ಕಂಪನಿ ಉಬ್ಬಿಸಿ ಹೇಳಿದ್ದು.

ಈಗ ಆ ಹೊಟ್ಟೆ ತೊಳಸಿದ ಮಾತು. ನಿಮಗೆ ಹಾಗಾದದ್ದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಹನ್ನೊಂದನೇ ವಯಸ್ಸಿನ ಹುಡುಗನಿಗೆ ಮ್ಯಾನ್‌ಕೈಂಡ್ ಕಂಡಿದ್ದ. 38ರ ನಿಮಗೆ ಮಿಕ್ ಫೋಲಿ ಕಂಡ, ಅವನಿಗೆ ಹೆಂಡತಿ ಮಕ್ಕಳು ಇದ್ದರು ಅನ್ನುವುದು ಕಂಡಿತು. ತಪ್ಪಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ತಪ್ಪಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಅಷ್ಟೇ. ಪಂಜರದ ಮೊದಲ ಬೀಳುವಿಕೆಯನ್ನು ನಾನು ನೆಚ್ಚಿನ ನೆನಪು ಅಂತಲೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದು ಅವನು ತಿಳಿದು, ಕಲಿತು ಮಾಡಿದ ಸಾಹಸ. ಹಾಗಂತ ಅದು ಕ್ಷೇಮ ಆಗಿತ್ತು ಅಂತ ಅರ್ಥ ಅಲ್ಲ. ಇನ್ನೊಮ್ಮೆ ಹೀಗೆ ಮಾಡಲೇಬೇಡ ಅಂತ ಮಾಲೀಕ ಮ್ಯಾಕ್‌ಮಹನ್ ಅವನಿಗೆ ಹೇಳಿದ್ದನಂತೆ.

ತಲೆಗೆ ಕುರ್ಚಿಯಲ್ಲಿ ಹೊಡೆಯುವ ದೃಶ್ಯಗಳನ್ನು ನಾನು ಪಟ್ಟಿಯಿಂದ ತೆಗೆದಿದ್ದೇನೆ. 1999ರ ಜನವರಿಯ ರಾಯಲ್ ರಂಬಲ್‌ನಲ್ಲಿ ಕೈಗೆ ಬೇಡಿ ಹಾಕಿದ ಫೋಲಿಯ ತಲೆಗೆ ಹತ್ತಕ್ಕೂ ಹೆಚ್ಚು ಸಲ ಕುರ್ಚಿ ಏಟು ಬಿತ್ತು. ಕೈ ಅಡ್ಡ ಹಿಡಿಯಲು ಆಗದವನಿಗೆ ಬಂಪ್ ವಿದ್ಯೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮಿದುಳು ತಲೆಬುರುಡೆಯೊಳಗೆ ತೇಲುತ್ತಿರುವ ಮೆತ್ತಗಿನ ವಸ್ತು. ಹೊರಗಿನ ಮೂಳೆ ಗಟ್ಟಿ ಇದ್ದರೂ ಒಳಗೆ ಅದು ಅಲುಗುತ್ತದೆ. ಒಂದು ಏಟಿನ ಗಾಯ ಆರುವ ಮೊದಲೇ ಇನ್ನೊಂದು ಬಿದ್ದರೆ ಅಪಾಯ ಕೂಡುತ್ತಾ ಹೋಗುತ್ತದೆ. ಕುಸ್ತಿಯಲ್ಲೇ ತಲೆಗೆ ಪೆಟ್ಟಾಗಿ ಆಟ ಬಿಟ್ಟ ಕ್ರಿಸ್ ನೊವಿನ್‌ಸ್ಕಿ 2007ರಲ್ಲಿ ಇದರ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಕಟ್ಟಲು ಕೈಜೋಡಿಸಿದ. 2010ರಲ್ಲಿ ಡಬ್ಲ್ಯೂಡಬ್ಲ್ಯೂಇ, ಅಂದರೆ ಅದೇ ಹಳೆಯ ಡಬ್ಲ್ಯೂಡಬ್ಲ್ಯೂಎಫ್, ತಲೆಗೆ ಕುರ್ಚಿ ಏಟು ಹಾಕುವುದನ್ನೇ ನಿಲ್ಲಿಸಿತು. ನಾವು ಚಪ್ಪಾಳೆ ತಟ್ಟಿದ್ದ ಒಂದು ದೃಶ್ಯವನ್ನು ಅವರೇ ಬೇಡ ಅಂದಮೇಲೆ, ನಾನು ಅದನ್ನು ನೆಚ್ಚಿನದು ಅಂತ ಬರೆಯಲಾರೆ. ನಿಮ್ಮ ಗೆಳೆಯರು ಬರೆದರೆ ಜಗಳ ಆಡಬೇಡಿ. ಪಕ್ಕದಲ್ಲಿ ಈ ಮಾತನ್ನೂ ಬರೆದಿಡಿ.

ಕೊನೆಗೆ ಮಗ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಮಂಚದ ಮೇಲಿಂದ ತಮ್ಮನ ಮೇಲೆ ಹಾರಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಪೈಲ್‌ಡ್ರೈವರ್ ಪ್ರಯತ್ನ ಮಾಡಿ ಕುತ್ತಿಗೆ ನೋಯಿಸಿಕೊಂಡು ಬಂದ ಒಬ್ಬ ಹುಡುಗನ ಮುಖ ಇನ್ನೂ ಮರೆತಿಲ್ಲ. ಅದೃಷ್ಟಕ್ಕೆ ಅವನು ಪೂರ್ತಿ ಸರಿಹೋದ.

ನಿಮ್ಮ ಮುಂದೆ ಮೂರು ದಾರಿ ಇವೆ. ಪೂರ್ತಿ ತೋರಿಸಬಹುದು. ಮಗನ ಕುತೂಹಲ ತಣಿಯುತ್ತದೆ, ನಿಮ್ಮ ಜೊತೆ ಕೂತು ನೋಡಿದ ನೆನಪು ಅವನಿಗೂ ಉಳಿಯುತ್ತದೆ. ಆದರೆ 9 ವರ್ಷಕ್ಕೆ ಆ ರಕ್ತ, ರಿಂಗಿನಲ್ಲಿ ಚೆಲ್ಲಿದ ಆ ಗುಂಡುಪಿನ್ನುಗಳು, ಆ ಹಲ್ಲು ಜಾಸ್ತಿ. ರಾತ್ರಿ ನಿದ್ದೆ ಕೆಡಬಹುದು. ಇಲ್ಲವೇ ಉಲ್ಟಾ, ‘ಬಿದ್ದವನು ಎದ್ದನಲ್ಲ’ ಅಂತ ಮನಸ್ಸಿಗೆ ಕೂತುಬಿಡಬಹುದು. ನನಗೆ ಎರಡನೆಯದರ ಭಯ ಜಾಸ್ತಿ. ಬೇಡವೇ ಬೇಡ ಅಂತ ಮುಚ್ಚಿಡುವುದು ಇನ್ನೊಂದು ದಾರಿ. ಅದು ನಡೆಯುವುದಿಲ್ಲ. ನೀವಿಲ್ಲದಾಗ, ಬಿಡಿಸಿ ಹೇಳುವವರು ಯಾರೂ ಇಲ್ಲದಾಗ ಅದೇ ತುಣುಕು ಅವನ ಕಣ್ಣಿಗೆ ಬೀಳುತ್ತದೆ. ಮೂರನೆಯದು, ಈ ಪಂದ್ಯವನ್ನು ಮೂರ್ನಾಲ್ಕು ವರ್ಷ ಮುಂದಕ್ಕೆ ಹಾಕಿ, ಈಗ ಬೇರೆ ಏನಾದರೂ ತೋರಿಸುವುದು. ನಾನಾಗಿದ್ದರೆ ಇದನ್ನೇ ಮಾಡುತ್ತೇನೆ. ಝಂಬೋನಿ ಗಾಡಿಯ ದೃಶ್ಯ ತೋರಿಸಿ, ಬಿದ್ದು ಬಿದ್ದು ನಗುತ್ತಾನೆ. ಜೊತೆಗೆ ಕುಸ್ತಿಯವರು ಬಂಪ್ ಅಭ್ಯಾಸ ಮಾಡುವ ವಿಡಿಯೋ ತೋರಿಸಿ. ಒಂದು ಸರಳ ಬೀಳುವಿಕೆಗೆ ಅವರು ಎಷ್ಟು ಸಲ ಬೆನ್ನು ಹೊಡೆದುಕೊಳ್ಳುತ್ತಾರೆ ಅಂತ ಅವನೇ ಎಣಿಸಲಿ. ಗುಟ್ಟು ಹೇಳಿಕೊಟ್ಟರೆ ಮಜಾ ಹೋಗುತ್ತದೆ ಅಂತ ಹೆದರಬೇಡಿ. ಮಕ್ಕಳಿಗೆ ಅದು ಹೇಗೆ ಮಾಡುತ್ತಾರೆ ಅನ್ನುವುದೇ ದೊಡ್ಡ ಮಜಾ. ಬೀಳುವ ಆಸೆ ತುಂಬಾ ಇದ್ದರೆ ಜೂಡೋ ತರಗತಿಗೆ ಸೇರಿಸಿ, ಚಾಪೆ ಮೇಲೆ ಕಲಿಯಲಿ.

ಮನೆಯಲ್ಲಿ ಎರಡು ವಿಷಯಕ್ಕೆ ಮಾತ್ರ ರಾಜಿ ಬೇಡ. ಯಾರ ಕುತ್ತಿಗೆಗೂ ಕೈ ಹಾಕುವಂತಿಲ್ಲ. ಯಾರನ್ನೂ ತಲೆಕೆಳಗೆ ಎತ್ತುವಂತಿಲ್ಲ. ಯಾವತ್ತಾದರೂ ಬಿದ್ದ ಮಗು ಕುತ್ತಿಗೆ ನೋವು ಅಂದರೆ, ಕೈಕಾಲು ಜುಮ್ಮೆಂದರೆ ಅಥವಾ ಮರಗಟ್ಟಿದರೆ, ಅಲ್ಲಾಡಿಸದೆ ಮಲಗಿಸಿಯೇ ಆಂಬುಲೆನ್ಸ್ ಕರೆಯಿರಿ. ತಲೆಗೆ ಪೆಟ್ಟಾದ ಮೇಲೆ ವಾಂತಿ, ಅತಿಯಾದ ಮಂಪರು, ಗೊಂದಲದ ಮಾತು, ಹೆಚ್ಚುತ್ತಾ ಹೋಗುವ ತಲೆನೋವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಓಡಾಡುತ್ತಿದ್ದಾನಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಪಿಟ್ಸ್‌ಬರ್ಗ್‌ನಲ್ಲಿ ಫೋಲಿಯೂ ಓಡಾಡುತ್ತಿದ್ದ.

ನೋಟ್‌ಬುಕ್‌ನಲ್ಲಿ ಗೆಳೆಯ ಹೊಡೆದು ಹಾಕಿದ ಸಾಲನ್ನು ಮತ್ತೆ ಬರೆಯಿರಿ. ಎರಡು ತಾರೀಕೂ ಇರಲಿ. ‘ನಡೆದದ್ದು 1998ರ ಡಿಸೆಂಬರ್ 29, ಟಿವಿಯಲ್ಲಿ ಬಂದದ್ದು 1999ರ ಜನವರಿ 4.’ ಪಂಜರದ ಸಾಲಿನ ಕೆಳಗೆ ಸ್ವಲ್ಪ ಜಾಗ ಬಿಡಿ. ಟೆರಿ ಫಂಕ್‌ನ ಶೂಗಳ ಬಗ್ಗೆ ಅಲ್ಲಿ ಬರೆಯಬಹುದು.